ತಗ್ಗಿಸಿದ ಪಿಕಪ್‌ಗೆ ಹಿಂದಿನ ಆಕ್ಸಲ್ ಕೂರಿಸುವಾಗ: ಟೇಪು ಮೊದಲು, ವೆಲ್ಡಿಂಗ್ ಆಮೇಲೆ

ಜಮಖಂಡಿಯಿಂದ ನಮ್ಮ ಅಕ್ಕನ ಮಗ ಫೋನ್ ಮಾಡಿದ್ದ. ಹಳೆ ಪಿಕಪ್ ಒಂದನ್ನು ಕೊಂಡು, ಶೋಗೆ ಇಡೋಣ ಅಂತ ಕೆಳಗೆ ಇಳಿಸಿದ್ದಾನೆ. "ಮಾಮಾ, ಗಾಡಿ ಸೀದಾ ಹೊಂಟೈತಿ, ಆದ್ರ ಸ್ಟೇರಿಂಗ್ ಎಡಕ್ಕ ತಿರುವಿ ಹಿಡೀಬೇಕಾಗೇತಿ. ಐವತ್ತು ದಾಟಿದ್ರ ಸೀಟಿನ ಕೆಳಗ ನಡುಗತೈತಿ" ಅಂದ. ಮುಂದಿನ ಚಕ್ರಗಳ ಅಲೈನ್‌ಮೆಂಟ್ ಎರಡು ಸಲ ಮಾಡಿಸಿದ್ದನಂತೆ. ದುಡ್ಡು ಹೋಯಿತು, ತೊಂದರೆ ಹೋಗಲಿಲ್ಲ. ನಾನು ಕೇಳಿದ್ದು ಒಂದೇ ಮಾತು: "ಹಿಂದಿನ ಆಕ್ಸಲ್ ಕೂಡಿಸುವಾಗ ಗಾಡಿ ಹೆಂಗಿತ್ತು, ಭಾರ ಪಾಟಾ ಮ್ಯಾಲಿತ್ತೋ, ಆಕ್ಸಲ್ ಜೋತಾಡತಿತ್ತೋ?" ಪಾಟಾ ಅಂದರೆ ಲೀಫ್ ಸ್ಪ್ರಿಂಗ್, ಆಕ್ಸಲ್ಲನ್ನು ಹಿಡಿದು ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಕಟ್ಟು. ಅವನು ಚಾಸಿಯನ್ನು, ಅಂದರೆ ಗಾಡಿಯ ತಳದ ಚೌಕಟ್ಟನ್ನು, ಸ್ಟ್ಯಾಂಡ್ ಮೇಲೆ ಎತ್ತಿಟ್ಟು, ಆಕ್ಸಲ್ ಜೋತಾಡುತ್ತಿರುವಾಗಲೇ ಅಳೆದು ವೆಲ್ಡ್ ಹೊಡೆದಿದ್ದ. ಅರ್ಧ ಕಾರಣ ಅಲ್ಲೇ ಸಿಕ್ಕಿತು. ಇನ್ನರ್ಧ ಸಿಗಲು ನಾನೇ ಟೇಪು ಹಿಡಿದು ಹೋಗಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

ನನ್ನದು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ಡು. ಪಾಟಾ ಮುರಿದ ಗಾಡಿಗಳು ಬರುತ್ತವೆ. ಹೌಸಿಂಗ್, ಅಂದರೆ ಆಕ್ಸಲ್ಲಿನ ಹೊರಗಿನ ಪೈಪಿನಂಥ ಕವಚ, ಬಾಗಿದವು ಬರುತ್ತವೆ. ಕಬ್ಬಿನ ಸೀಸನ್ನಿನಲ್ಲಿ ಟ್ರೇಲರ್ ಆಕ್ಸಲ್‌ಗಳು ಬರುತ್ತವೆ. ಇತ್ತೀಚೆಗೆ ಹುಡುಗರು ತಗ್ಗಿಸಿದ ಗಾಡಿಗಳನ್ನೂ ತರುತ್ತಾರೆ. ಇವರೆಲ್ಲರಿಗೂ ನಾನು ಹೇಳುವುದು ಒಂದೇ. ಆಕ್ಸಲ್ಲಿನ ಜಾಗ ನಿರ್ಧಾರ ಆಗುವುದು ಗಾಡಿ ಓಡುವ ಎತ್ತರದಲ್ಲಿ ನಿಂತಾಗ. ಜೋತಾಡುವಾಗ ತೆಗೆದ ಅಳತೆ ಯಾವುದಕ್ಕೂ ಬರುವುದಿಲ್ಲ.

ಕೆಲಸಕ್ಕೆ ಕೈ ಹಾಕುವ ಮುಂಚೆ ಕಾನೂನಿನ ಮಾತು. ನೋಂದಣಿ ಆದ ಗಾಡಿಯನ್ನು ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಬಂತು. ಹಾಗಾಗಿ ತಗ್ಗಿಸುವ ಆಸೆ ಇದ್ದರೆ ಅದು ಖಾಸಗಿ ಜಾಗದಲ್ಲಿ ಓಡುವ, ಶೋಗೆ ನಿಲ್ಲುವ ಗಾಡಿಗೆ ಮಾತ್ರ ಇರಲಿ. ಬಾಡಿಗೆ ಹೊಡೆಯುವ, ಮಾಲು ಹೊರುವ ಗಾಡಿಯನ್ನು ದಯವಿಟ್ಟು ತಗ್ಗಿಸಬೇಡಿ. ಆದರೆ ಕೆಳಗೆ ಬರೆದ ಅಳತೆಯ ಕೆಲಸ ಎಲ್ಲರಿಗೂ ಬೇಕಾದದ್ದು. ಮೊದಲಿದ್ದ ಎತ್ತರಕ್ಕೇ ಹೊಸ ಪಾಟಾ ಹಾಕುವಾಗಲೂ, ಬೇರೆ ಹೌಸಿಂಗ್ ಕೂರಿಸುವಾಗಲೂ ಇದೇ ಕ್ರಮ.

ನೆಲ ಮತ್ತು ಮಟ್ಟ

ನಮ್ಮ ಬಾಗಲಕೋಟೆ, ವಿಜಯಪುರ ಕಡೆ ಎರೆ ಮಣ್ಣು. ಅದರ ಮೇಲೆ ಸ್ಟ್ಯಾಂಡ್ ಇಟ್ಟರೆ ಬೆಳಗ್ಗೆ ಒಂದು ಮಟ್ಟ, ಸಂಜೆ ಒಂದು ಮಟ್ಟ. ಶಹಾಬಾದ್ ಪರ್ಸಿ ಹಾಕಿದ ಪಡಸಾಲೆಯಲ್ಲಿ ಮಾಡುತ್ತೇನೆ ಅಂದರೆ ಭಾರಕ್ಕೆ ಪರ್ಸಿ ಒಡೆಯುತ್ತದೆ. ಕಾಂಕ್ರೀಟ್ ನೆಲ ಹುಡುಕಿ. ಇಲ್ಲವೇ ಸ್ಟ್ಯಾಂಡಿನ ಕಾಲ ಕೆಳಗೆ ಹತ್ತು-ಹನ್ನೆರಡು ಮಿ.ಮೀ. ದಪ್ಪದ ಅಗಲ ಪ್ಲೇಟು ಕೊಡಿ. ಇಟ್ಟಂಗಿ, ಹಾಲೋ ಬ್ಲಾಕ್ ಮೇಲೆ ಗಾಡಿ ಇಡಬೇಡಿ. ಅವು ಮೊದಲೇ ಸೂಚನೆ ಕೊಡದೆ ಒಮ್ಮೆಗೇ ಪುಡಿಯಾಗುತ್ತವೆ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ, ಎರಡು ನಿಮಿಷದ ಕೆಲಸಕ್ಕೂ ಬೇಡ.

ನೆಲ ಸಮ ಇಲ್ಲದಿದ್ದರೂ ಚಾಸಿ ಸಮ ಇರಬೇಕು. ಇದಕ್ಕೆ ಗೌಂಡಿಗಳ ಉಪಾಯ ಸಾಕು. ತೆಳ್ಳಗಿನ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಳಗೆ ಗಾಳಿ ಗುಳ್ಳೆ ಇಲ್ಲದ ಹಾಗೆ ನೋಡಿಕೊಳ್ಳಿ. ಒಂದು ತುದಿಯನ್ನು ಎಡ ಚಾಸಿಗೆ, ಇನ್ನೊಂದನ್ನು ಬಲ ಚಾಸಿಗೆ ಹಿಡಿಯಿರಿ. ಎರಡೂ ಕಡೆ ನೀರಿನ ಗೆರೆ ಚಾಸಿಯ ಒಂದೇ ಅಂಚಿಗೆ ಬರಬೇಕು. ಹಿಂದೆ ಒಮ್ಮೆ, ಮುಂದೆ ಒಮ್ಮೆ ನೋಡಿ. ಎಡ-ಬಲ ಮಟ್ಟ ಮುಖ್ಯ. ಮುಂದು-ಹಿಂದಿನ ಇಳಿಜಾರು ಗಾಡಿ ನಿಜವಾಗಿ ನಿಲ್ಲುವ ಹಾಗೆಯೇ ಇರಲಿ. ಹಿಂದೆ ಸ್ವಲ್ಪ ಎತ್ತರ ಇಡುವ ಯೋಚನೆ ಇದ್ದರೆ ಅದನ್ನೂ ಈಗಲೇ ಕೊಡಿ.

ಓಡುವ ಎತ್ತರ ಹಿಡಿಯುವುದು

ಹೊಸ ಟೈರಿಗೆ ಸರಿಯಾದ ಗಾಳಿ ತುಂಬಿ, ಗಾಡಿಯ ಭಾರ ಬಿದ್ದಾಗ ನೆಲದಿಂದ ಹಬ್ಬಿನ, ಅಂದರೆ ಚಕ್ರ ಬೋಲ್ಟಾಗುವ ನಡುವಿನ ಭಾಗದ, ಮಧ್ಯಕ್ಕೆ ಎಷ್ಟು ಬರುತ್ತದೆ ಅಂತ ಅಳೆದು ಬರೆದುಕೊಳ್ಳಿ. ಟೈರಿನ ಮೇಲೆ ಬರೆದ ಸೈಜಿನಿಂದ ಲೆಕ್ಕ ಹಾಕಿದರೆ ಜಾಸ್ತಿ ಬರುತ್ತದೆ, ಯಾಕಂದರೆ ಭಾರಕ್ಕೆ ಟೈರು ಕೆಳಗೆ ಚಪ್ಪಟೆ ಆಗುತ್ತದೆ. ಆಮೇಲೆ ಚಾಸಿಯ ಕೆಳ ಅಂಚು ನೆಲದಿಂದ ಎಷ್ಟು ಎತ್ತರ ಇರಬೇಕು ಅಂತ ತೀರ್ಮಾನ ಮಾಡಿ. ಈ ಎರಡು ಅಂಕಿ ಸಿಕ್ಕರೆ ಆಕ್ಸಲ್ ಚಾಸಿಗೆ ಎಷ್ಟು ಹತ್ತಿರ ಬರುತ್ತದೆ ಅನ್ನುವುದು ತಾನೇ ಸಿಗುತ್ತದೆ.

ಇಲ್ಲಿ ದುರಾಸೆ ಬೇಡ. ಹೌಸಿಂಗಿನ ಮೇಲ್ಭಾಗಕ್ಕೂ ಚಾಸಿಯ ಕೆಳಗಿನ ರಬ್ಬರ್ ತಡೆಗೂ ನಡುವೆ, ಖಾಲಿ ಗಾಡಿಯಲ್ಲಿ, ನಾನು ಕನಿಷ್ಠ 75 ಮಿ.ಮೀ. ಬಿಡುತ್ತೇನೆ. ನಮ್ಮ ರಸ್ತೆಯ ಹಂಪು ನೋಡಿದವರಿಗೆ ಅದೂ ಕಡಿಮೆ ಅನಿಸಬಹುದು. ಇನ್ನೂ ಇಳಿಸಬೇಕು ಅನ್ನುವವರು ಆಕ್ಸಲ್ ಬರುವ ಕಡೆ ಚಾಸಿಯನ್ನು ಕೆಳಗಿನಿಂದ ಕಮಾನಿನಂತೆ ಕತ್ತರಿಸಿ, ಒಳಗೆ ಹೊರಗೆ ದಪ್ಪ ಪ್ಲೇಟು ಸುತ್ತಿ ಬಲ ಕೊಡುತ್ತಾರೆ. ಅಮೆರಿಕದ ತಗ್ಗು ಟ್ರಕ್‌ಗಳಲ್ಲಿ ಇದು ಮಾಮೂಲು. ಆದರೆ ಚಾಸಿಗೆ ಬಾಗದಿರುವ ಶಕ್ತಿ ಬರುವುದು ಅದರ ಎತ್ತರದಿಂದ, ಮೇಲಿನ ಕೆಳಗಿನ ಪಟ್ಟಿಗಳಿಂದ. ಕೆಳಗಿನ ಪಟ್ಟಿ ಕತ್ತರಿಸಿದರೆ ಆ ಜಾಗದಲ್ಲಿ ಬಲ ಹೋಯಿತು ಅಂತಲೇ ಲೆಕ್ಕ. ಅಂಥ ಕೆಲಸ ಪೂರ್ತಿ ಪೆಟ್ಟಿಗೆಯ ಹಾಗೆ ಮುಚ್ಚಿ ಬಲಪಡಿಸಬಲ್ಲವರಿಗೆ ಮಾತ್ರ. ಮೊದಲ ಸಲ ಮಾಡುವವರು ಅದಕ್ಕೆ ಹೋಗಬೇಡಿ.

ಪಾಟಾ ಬದಲಿಸಿಯೋ, ಪಾಟಾವನ್ನು ಹೌಸಿಂಗಿನ ಮೇಲಿನಿಂದ ಕೆಳಕ್ಕೆ ತಂದೋ ಇಳಿಸುವುದು ಸುಲಭದ ದಾರಿ. ಎರಡನೆಯದಕ್ಕೆ ಫ್ಲಿಪ್ ಅಂತಾರೆ. ಪಾಟಾ ಕಟ್ಟಿನ ದಪ್ಪ ಮತ್ತು ಹೌಸಿಂಗ್ ಪೈಪಿನ ದಪ್ಪ ಕೂಡಿದಷ್ಟು ಗಾಡಿ ಇಳಿಯುತ್ತದೆ. ಪೈಪು 75, ಪಾಟಾ 45 ಇದ್ದರೆ ಸುಮಾರು 120 ಮಿ.ಮೀ. ಆಯಿತು. ಇದು ಸಣ್ಣ ಇಳಿಕೆ ಅಲ್ಲ. ಜೊತೆಗೆ ಪಾಟಾವನ್ನು ಹೌಸಿಂಗಿಗೆ ಬಿಗಿಯುವ ಯು-ಬೋಲ್ಟಿನ ಪ್ಲೇಟು ಈಗ ಪಾಟಾದ ಕೆಳಗೆ ಬರುತ್ತದೆ, ನೆಲಕ್ಕೆ ತೀರ ಹತ್ತಿರ ಇರುವ ಭಾಗ ಅದೇ ಆಗುತ್ತದೆ. ತೋಟದ ದಾರಿಯ ಗಾಲಿ ಜಾಡಿನಲ್ಲಿ ಮೊದಲು ಹೊಡೆಸಿಕೊಳ್ಳುವುದು ಅದು.

ಇಳಿಕೆ ಆದ ಮೇಲೆ ಆಕ್ಸಲ್ ಮೊದಲಿದ್ದ ಜಾಗದಲ್ಲೇ ಇರುತ್ತದೆ ಅಂದುಕೊಳ್ಳಬೇಡಿ. ಪಾಟಾದ ಮುಂದಿನ ಕಣ್ಣು ಚಾಸಿಗೆ ಗಟ್ಟಿ, ಹಿಂದಿನ ಕಣ್ಣು ಶ್ಯಾಕಲ್ ಅನ್ನುವ ಅಲ್ಲಾಡುವ ಕೊಂಡಿಯಲ್ಲಿ ಓಡಾಡುತ್ತದೆ. ಬಾಗಿದ ಪಾಟಾ ಭಾರಕ್ಕೆ ನೇರ ಆದ ಹಾಗೆ ಉದ್ದ ಆಗುತ್ತದೆ, ಮುಂದೆ ಜಾಗ ಇಲ್ಲದ್ದರಿಂದ ಆಕ್ಸಲ್ ಹಿಂದಕ್ಕೆ ಸರಿಯುತ್ತದೆ. ಮುಂದಿನ ಕಣ್ಣಿನಿಂದ ಸೆಂಟರ್ ಬೋಲ್ಟಿಗೆ (ಪಾಟಾ ಪಟ್ಟಿಗಳನ್ನು ಸೇರಿಸಿ ಆಕ್ಸಲ್ ಕೂರುವ ಜಾಗ ಹಿಡಿಯುವ ಬೋಲ್ಟು) 600 ಮಿ.ಮೀ., ಬಾಗು 100 ಮಿ.ಮೀ. ಇದ್ದ ಪಾಟಾ ಪೂರ್ತಿ ನೇರ ಆದರೆ ಎಂಟು-ಹತ್ತು ಮಿ.ಮೀ. ಹಿಂದೆ ಹೋಗುತ್ತದೆ. ಜೋತಾಡುವ ಆಕ್ಸಲ್ ಅಳೆದು, ಚಕ್ರ ಮಡ್ಗಾರ್ಡಿನ ನಡುವೆ ಬಂತು ಅಂತ ಸಂತೋಷಪಟ್ಟವರು, ನೆಲಕ್ಕೆ ಇಳಿಸಿದಾಗ ಟೈರು ಹಿಂದೆ ಹೋಗಿದ್ದು ನೋಡಿ ತಲೆ ಕೆರೆಯುವುದು ಇದಕ್ಕೇ.

ಇನ್ನೊಂದು. ಎಷ್ಟೋ ಗಾಡಿಗಳಲ್ಲಿ ಸೆಂಟರ್ ಬೋಲ್ಟು ಪಾಟಾದ ನಟ್ಟ ನಡುವೆ ಇರುವುದಿಲ್ಲ. ಮುಂದಿನ ಭಾಗ ಗಿಡ್ಡ, ಹಿಂದಿನದು ಉದ್ದ. ಪಾಟಾ ತಿರುಗು-ಮುರುಗು ಹಾಕಿದರೆ ಆಕ್ಸಲ್ ಅಷ್ಟೂ ಸರಿಯುತ್ತದೆ. ಬಿಚ್ಚುವ ಮುಂಚೆ ಪೇಂಟಿನಿಂದ 'ಮುಂದೆ' ಅಂತ ಬರೆದುಬಿಡಿ.

ಅಳತೆ ಎಲ್ಲಿಂದ

ಬಾಡಿಯಿಂದ ಬೇಡ. ಬಂಪರಿನಿಂದ ಬೇಡ. ಮಾಲು ತುಂಬುವ ಹಿಂದಿನ ಟಬ್ಬು ಚಾಸಿಯ ಮೇಲೆ ನೆಟ್ಟಗೆ ಕೂತಿದೆ ಅಂತ ಯಾರೂ ಬರೆದುಕೊಟ್ಟಿಲ್ಲ. ಬೋಲ್ಟಿನ ತೂತುಗಳಲ್ಲೇ ಹತ್ತು ಮಿ.ಮೀ. ಆಟ ಇರುತ್ತದೆ. ಅಳತೆ ಯಾವತ್ತೂ ಚಾಸಿಯಿಂದ. ಕಂಪನಿಯವರು ಚಾಸಿ ಜೋಡಿಸುವಾಗ ಹಿಡಿಯಲು ಎಡ-ಬಲ ಒಂದೇ ಜಾಗದಲ್ಲಿ ದುಂಡು ತೂತು ಬಿಟ್ಟಿರುತ್ತಾರೆ. ಅವೇ ನಮಗೆ ಆಧಾರ. ಮುಂದೆ ಎರಡು, ಹಿಂದೆ ಎರಡು ಅಂಥ ತೂತು ಹುಡುಕಿ.

ಪ್ರತಿ ತೂತಿನ ಮಧ್ಯದಿಂದ ತೂಗುಗುಂಡು ಬಿಟ್ಟು ನೆಲದ ಮೇಲೆ ಗುರುತು ಹಾಕಿ. ಗುಂಡು ಅಲ್ಲಾಡುವುದು ನಿಲ್ಲುವವರೆಗೆ ಕಾಯಿರಿ, ಫ್ಯಾನ್ ಆಫ್ ಮಾಡಿ. ಈಗ ನೆಲದ ಮೇಲೆ ನಾಲ್ಕು ಗುರುತು ಇವೆ. ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡೂ 3 ಮಿ.ಮೀ. ಒಳಗೆ ಸಮ ಬಂದರೆ ಚಾಸಿ ಸರಿ ಇದೆ. ಹತ್ತು-ಹದಿನೈದು ವ್ಯತ್ಯಾಸ ಬಂದರೆ ಗಾಡಿ ಎಲ್ಲೋ ಗುದ್ದಿಸಿಕೊಂಡಿದೆ. ಮೊದಲು ಅದನ್ನು ಸರಿಪಡಿಸಿ, ಆಮೇಲೆ ಆಕ್ಸಲ್ ಮಾತು. ಮುಂದಿನ ಎರಡು ಗುರುತಿನ ಮಧ್ಯ, ಹಿಂದಿನ ಎರಡು ಗುರುತಿನ ಮಧ್ಯ ಸೇರಿಸಿ ದಾರ ಎಳೆದು ಬಣ್ಣದ ಗೆರೆ ಹೊಡೆಯಿರಿ. ಇದು ಗಾಡಿಯ ಮಧ್ಯಗೆರೆ. ಕೆಲಸ ಮುಗಿಯುವವರೆಗೆ ಈ ಗೆರೆ ಅಳಿಸಬಾರದು. ನೆಲ ಗುಡಿಸುವ ಹುಡುಗನಿಗೂ ಹೇಳಿಡಿ.

ಮೂರು ಅಳತೆ, ಬೇರೆ ಬೇರೆ

ಮೊದಲು ಎಡ-ಬಲ. ಎರಡೂ ಬದಿಯ ಹಬ್ಬಿನ ಮುಖದಿಂದ, ಅಂದರೆ ಚಕ್ರ ಬಂದು ಕೂರುವ ಚಪ್ಪಟೆ ಜಾಗದಿಂದ, ಗುಂಡು ಬಿಟ್ಟು ಮಧ್ಯಗೆರೆಗೆ ಎಷ್ಟು ದೂರ ನೋಡಿ. ಎರಡೂ ಸಮ ಇರಬೇಕು, 2-3 ಮಿ.ಮೀ. ನಡೆಯುತ್ತದೆ. ಟೈರಿನಿಂದ, ರಿಮ್ಮಿನಿಂದ ಅಳೆಯಬೇಡಿ, ಹಳೆ ರಿಮ್ಮು ಸೊಟ್ಟ ಇರುತ್ತದೆ. ಇಲ್ಲಿ ತುಂಬಾ ಜನ ಮಾಡುವ ತಪ್ಪು ಅಂದರೆ ಪಿನಿಯನ್ನನ್ನು ಮಧ್ಯಗೆರೆಗೆ ತರುವುದು. ಗೇರ್‌ಬಾಕ್ಸಿನಿಂದ ಬರುವ ಶಾಫ್ಟು ಹೌಸಿಂಗಿಗೆ ಸೇರುವ ಕಡೆಯ ಗೇರೇ ಪಿನಿಯನ್. ಎಷ್ಟೋ ಹೌಸಿಂಗ್‌ಗಳಲ್ಲಿ ಪಿನಿಯನ್ ಬೇಕಂತಲೇ ಒಂದು ಬದಿಗೆ ಸರಿದಿರುತ್ತದೆ, ಕಂಪನಿಯೇ ಹಾಗೆ ಮಾಡಿದ್ದು. ಮಧ್ಯಕ್ಕೆ ಬರಬೇಕಾದ್ದು ಎರಡು ಚಕ್ರಗಳ ನಡುವಿನ ದೂರದ ಮಧ್ಯ, ಪಿನಿಯನ್ ಅಲ್ಲ.

ಎರಡನೆಯದು ಚೌಕ. ಮುಂದಿನ ಆಧಾರ ತೂತಿನಿಂದ ಅದೇ ಬದಿಯ ಹಿಂದಿನ ಹಬ್ಬಿನ ಮಧ್ಯಕ್ಕೆ ಅಳೆಯಿರಿ. ಎಡಕ್ಕೆ ಒಂದು, ಬಲಕ್ಕೆ ಒಂದು. ನೆಲದ ಗುರುತುಗಳ ಮೇಲೆ ಅಳೆದರೆ ಟೇಪು ಜೋಲು ಬೀಳುವುದಿಲ್ಲ, ನಡುವೆ ಏನೂ ಅಡ್ಡ ಬರುವುದಿಲ್ಲ. ವ್ಯತ್ಯಾಸ 3 ಮಿ.ಮೀ. ದಾಟಬಾರದು. ಯಾಕೆ ಇಷ್ಟು ಬಿಗಿ ಅಂದರೆ, ಲೆಕ್ಕ ನೋಡಿ. ಹಬ್ಬಿನಿಂದ ಹಬ್ಬಿಗೆ 1400 ಮಿ.ಮೀ. ಇದ್ದು ಒಂದು ಬದಿ 10 ಮಿ.ಮೀ. ಮುಂದೆ ಇದ್ದರೆ ಆಕ್ಸಲ್ ಸುಮಾರು 0.4 ಡಿಗ್ರಿ ತಿರುಗಿದ ಹಾಗೆ. ಮೂರು ಮೀಟರ್ ವೀಲ್‌ಬೇಸಿನ (ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ) ಗಾಡಿ ಆಗ ಹಿಂಭಾಗವನ್ನು 21 ಮಿ.ಮೀ. ಪಕ್ಕಕ್ಕೆ ಇಟ್ಟುಕೊಂಡು ಓರೆಯಾಗಿ ಓಡುತ್ತದೆ. ಬಲ ಚಕ್ರ ಮುಂದಿದ್ದರೆ ಆಕ್ಸಲ್ ಗಾಡಿಯ ಹಿಂಭಾಗವನ್ನು ಎಡಕ್ಕೆ ತಳ್ಳುತ್ತದೆ. ಸೀದಾ ಹೋಗಬೇಕಾದರೆ ಮುಂದಿನ ಚಕ್ರವೂ ಅದೇ ದಿಕ್ಕಿಗೆ ನೋಡಬೇಕು, ಅದಕ್ಕೇ ಸ್ಟೇರಿಂಗ್ ಎಡಕ್ಕೆ ತಿರುಗಿಸಿ ಹಿಡಿಯಬೇಕಾಗುತ್ತದೆ. ಮುಂದಿನ ಅಲೈನ್‌ಮೆಂಟ್ ಎಷ್ಟು ಸಲ ಮಾಡಿಸಿದರೂ ಇದು ಹೋಗುವುದಿಲ್ಲ. ಟೈರು ಮಾತ್ರ ಸವೆಯುತ್ತದೆ.

ಮೂರನೆಯದು ಮೂಲೆಯಿಂದ ಮೂಲೆ. ಎಡ ಮುಂದಿನ ತೂತಿನಿಂದ ಬಲ ಹಿಂದಿನ ಹಬ್ಬಿಗೆ, ಬಲ ಮುಂದಿನಿಂದ ಎಡ ಹಿಂದಿನದಕ್ಕೆ. ಇಲ್ಲಿ ನಿಲ್ಲಿ. ಸುಮಾರು ಜನ ಈ ಅಳತೆ ಒಂದನ್ನೇ ತೆಗೆದು, ಸಮ ಬಂತು ಅಂತ ವೆಲ್ಡ್ ಹೊಡೆಯುತ್ತಾರೆ. ನನ್ನ ಅಳಿಯ ಮಾಡಿದ್ದೂ ಅದೇ. "ಮೂಲಿ ಅಳತಿ ಪಕ್ಕಾ ಬಂದಿತ್ತು ಮಾಮಾ" ಅಂತ ಪದೇ ಪದೇ ಅಂದ. ಅವನು ಸುಳ್ಳು ಹೇಳಿರಲಿಲ್ಲ. ನಾನು ಹೋಗಿ ಅಳೆದಾಗಲೂ ಪಕ್ಕಾ ಬಂತು. ಆದರೆ ಆಕ್ಸಲ್ ಬಲಕ್ಕೆ 10 ಮಿ.ಮೀ. ಸರಿದಿತ್ತು, ಜೊತೆಗೆ ಬಲ ಚಕ್ರ ಎಡಕ್ಕಿಂತ 9 ಮಿ.ಮೀ. ಮುಂದಿತ್ತು. ಬಲಕ್ಕೆ ಸರಿದರೆ ಒಂದು ಮೂಲೆ ಅಳತೆ ಸುಮಾರು 4 ಮಿ.ಮೀ. ಹೆಚ್ಚಾಗುತ್ತದೆ. ಆ 9ರಲ್ಲಿ ಬಲ ಚಕ್ರ ನಾಲ್ಕೂವರೆ ಮುಂದೆ, ಎಡ ಚಕ್ರ ನಾಲ್ಕೂವರೆ ಹಿಂದೆ ಅಂತ ಹಿಡಿದರೆ ಅದೇ ಅಳತೆ ಸುಮಾರು 4 ಕಡಿಮೆ ಆಗುತ್ತದೆ. ಎರಡು ತಪ್ಪು ಒಂದನ್ನೊಂದು ಮುಚ್ಚಿ, ಟೇಪು ಸರಿ ಅಂತ ತೋರಿಸುತ್ತದೆ. ನಿಮಗೆ ನಂಬಿಕೆ ಬರದಿದ್ದರೆ ಕಾಗದದ ಮೇಲೆ ಬರೆದು ಲೆಕ್ಕ ಹಾಕಿ ನೋಡಿ: ಅಗಲ 1400, ಉದ್ದ 3000, ಮೂಲೆ 3310 ಮತ್ತು ಚೂರು. ಹೀಗೆ ತಪ್ಪಿದ ಮೇಲೂ 3310 ಮತ್ತು ಚೂರೇ ಬರುತ್ತದೆ.

ಹಾಗಾಗಿ ಎಡ-ಬಲ ಮತ್ತು ಚೌಕ ಎರಡನ್ನೂ ಬೇರೆ ಬೇರೆ ನೋಡಿ, ಮೂಲೆ ಅಳತೆಯನ್ನು ಕೊನೆಗೆ ಪರೀಕ್ಷೆಗೆ ಮಾತ್ರ ಇಟ್ಟುಕೊಳ್ಳಿ. ಪ್ರತಿ ಅಂಕಿಯನ್ನು ಇಬ್ಬರು ಓದಿ. ಒಬ್ಬರೇ ಟೇಪಿನ ಎರಡೂ ತುದಿ ಹಿಡಿಯುವ ಸರ್ಕಸ್ ಮಾಡಿದರೆ 5 ಮಿ.ಮೀ. ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ.

ಪಿನಿಯನ್ನಿನ ಮೂತಿ ಎತ್ತ ನೋಡಬೇಕು

ನಡುಕದ ಮೂಲ ಇಲ್ಲಿದೆ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲರ್ ಶಾಫ್ಟಿನ ಎರಡು ತುದಿಗೂ ಕ್ರಾಸ್, ಅಂದರೆ ಓರೆಯಾಗಿದ್ದರೂ ತಿರುಗುವ ಕೀಲು, ಇರುತ್ತದೆ. ಕ್ರಾಸ್ ಓರೆಯಾಗಿ ತಿರುಗುವಾಗ ಆಚೆ ಕಡೆಯ ವೇಗ ಒಂದೇ ಸಮ ಇರುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಹೆಚ್ಚು, ಎರಡು ಸಲ ಕಡಿಮೆ ಆಗುತ್ತದೆ. ಮುಂದಿನ ಕ್ರಾಸು ಮಾಡಿದ ಏರಿಳಿತವನ್ನು ಹಿಂದಿನ ಕ್ರಾಸು ಅಳಿಸಬೇಕು. ಅದಕ್ಕೆ ಎರಡೂ ಕಡೆಯ ಕೋನ ಸಮ ಇರಬೇಕು, ಅಂದರೆ ಗೇರ್‌ಬಾಕ್ಸಿನ ಶಾಫ್ಟೂ ಪಿನಿಯನ್ ಶಾಫ್ಟೂ ಸಮಾಂತರ ಇರಬೇಕು. ಇಲ್ಲದಿದ್ದರೆ ಏರಿಳಿತ ಉಳಿದು ನಡುಕ ಆಗಿ ಸೀಟಿನವರೆಗೆ ಬರುತ್ತದೆ.

ಅಳೆಯಲು ಡಿಜಿಟಲ್ ಆಂಗಲ್ ಗೇಜ್ ಸಾಕು, ಮೋಬೈಲಿನ ಆಪ್ ಕೂಡ ನಡೆಯುತ್ತದೆ. ಆದರೆ ಎಲ್ಲ ಕಡೆ ಒಂದನ್ನೇ ಬಳಸಿ. ಪಿನಿಯನ್ನಿನ ಫ್ಲ್ಯಾಂಜ್, ಅಂದರೆ ಪ್ರೊಪೆಲರ್ ಶಾಫ್ಟು ಬೋಲ್ಟಾಗುವ ತಟ್ಟೆ, ಅದರ ಮುಖ ಚೊಕ್ಕವಾಗಿ ಕಡೆದದ್ದು, ಶಾಫ್ಟಿಗೆ ಲಂಬವಾಗಿರುತ್ತದೆ, ಅಲ್ಲಿ ಹಚ್ಚಿ. ಒರಟು ಹೌಸಿಂಗಿನ ಮೇಲೆ ಇಟ್ಟು ಓದಬೇಡಿ. ಗೇರ್‌ಬಾಕ್ಸಿನ ಕಡೆಯೂ ಫ್ಲ್ಯಾಂಜ್ ಮೇಲೆಯೇ ನೋಡಿ.

ಉದಾಹರಣೆಗೆ, ಗೇರ್‌ಬಾಕ್ಸು ಹಿಂದಕ್ಕೆ 3 ಡಿಗ್ರಿ ಇಳಿದಿದೆ ಅಂದುಕೊಳ್ಳಿ. ಆಗ ಪಿನಿಯನ್ನಿನ ಮೂತಿ 3 ಡಿಗ್ರಿ ಮೇಲಕ್ಕೆ ನೋಡಬೇಕು. ಶಾಫ್ಟು ಹಿಂದಕ್ಕೆ 1 ಡಿಗ್ರಿ ಇಳಿದಿದ್ದರೆ ಎರಡೂ ಕ್ರಾಸಿನಲ್ಲಿ 2 ಡಿಗ್ರಿ ಕೋನ ಬಂತು, ಸಮ ಆಯಿತು. ಪಾಟಾ ಇರುವ ಗಾಡಿಗೆ ಒಂದು ಚೂರು ಬದಲಾವಣೆ ಬೇಕು. ಎಕ್ಸಲರೇಟರ್ ಒತ್ತಿದಾಗ ಹೌಸಿಂಗು ಪಾಟಾವನ್ನು ತಿರುಚಿ ಮೂತಿ ಎತ್ತುತ್ತದೆ. ಅದಕ್ಕೆ ನಿಂತ ಗಾಡಿಯಲ್ಲಿ ಮೂತಿಯನ್ನು 1ರಿಂದ 2 ಡಿಗ್ರಿ ತಗ್ಗಿಸಿಡಬೇಕು. ಮೇಲಿನ ಲೆಕ್ಕದಲ್ಲಿ 3ರ ಬದಲು 1.5 ಇಟ್ಟರೆ ಸರಿ. ಪ್ರತಿ ಕ್ರಾಸಿನ ಕೋನ 3 ಡಿಗ್ರಿ ಒಳಗಿರಲಿ, ಪೂರ್ತಿ ಸೊನ್ನೆಯೂ ಬೇಡ. ಸೊನ್ನೆ ಆದರೆ ಕ್ರಾಸಿನೊಳಗಿನ ಸೂಜಿ ಬೇರಿಂಗು ಉರುಳದೆ ಒಂದೇ ಜಾಗದಲ್ಲಿ ಕುಟ್ಟಿ ಗುಳಿ ಬೀಳುತ್ತದೆ.

ಗಾಡಿ ತಗ್ಗಿಸಿದರೆ ಗೇರ್‌ಬಾಕ್ಸಿಗೆ ಹೋಲಿಸಿದಾಗ ಆಕ್ಸಲ್ ಮೇಲೆ ಬರುತ್ತದೆ, ಹಾಗಾಗಿ ಶಾಫ್ಟಿನ ಇಳಿಜಾರು ಬದಲಾಗಿಯೇ ಆಗುತ್ತದೆ. ಆಕ್ಸಲ್ ಜೋತಾಡುವಾಗ ಪಾಟಾ ಬೇರೆ ಆಕಾರದಲ್ಲಿ ಇರುವುದರಿಂದ ಪಿನಿಯನ್ ಕೋನವೂ ಬೇರೆ. ಅಳಿಯ ಅಳೆದದ್ದು ಆ ಕೋನ. ನೆಲಕ್ಕೆ ಇಳಿಸಿದ ಮೇಲೆ ಅದು ಉಳಿಯಲಿಲ್ಲ. ಎರಡು ತುಂಡಿನ ಶಾಫ್ಟು, ನಡುವೆ ಬೇರಿಂಗು ಇರುವ ಗಾಡಿ ಆದರೆ ಆ ಬೇರಿಂಗಿನ ಎತ್ತರವನ್ನೂ ಪ್ಯಾಕಿಂಗ್ ಕೊಟ್ಟು ಸರಿ ಮಾಡಬೇಕು.

ಸಣ್ಣ ಕೋನ ತಿದ್ದಲು ಬೆಣೆಯಂಥ ಓರೆ ಪ್ಲೇಟು ಸಿಗುತ್ತದೆ. ಉಕ್ಕಿನದನ್ನೇ ತಗೊಳ್ಳಿ. ಪಾಟಾ ಹೌಸಿಂಗಿನ ಮೇಲಿದೆಯೋ ಕೆಳಗಿದೆಯೋ ನೋಡಿ ದಪ್ಪ ಬದಿ ಯಾವ ಕಡೆ ಅಂತ ತೀರ್ಮಾನ ಮಾಡಿ. ಒಮ್ಮೆ ಒಂದು ಗ್ಯಾರೇಜಿನಿಂದ ಬಂದ ಗಾಡಿಯಲ್ಲಿ ಎರಡೂ ಬೆಣೆ ಉಲ್ಟಾ ಇದ್ದವು. 2 ಡಿಗ್ರಿ ತಿದ್ದಲು ಹೋಗಿ 2 ಡಿಗ್ರಿ ಹೆಚ್ಚು ಕೆಡಿಸಿದ್ದರು, ಮಾಲೀಕ ಮೂರು ಕ್ರಾಸು ಬದಲಿಸಿದ್ದ.

ಟ್ಯಾಕ್, ಮತ್ತೆ ಅಳತೆ, ಆಮೇಲೆ ವೆಲ್ಡು

ಫ್ಲಿಪ್ ಮಾಡುವಾಗ ಪಾಟಾ ಕೂರುವ ಸೀಟನ್ನು ಹೌಸಿಂಗ್ ಪೈಪಿನ ಇನ್ನೊಂದು ಬದಿಗೆ ಹೊಸದಾಗಿ ಹಚ್ಚಬೇಕು. ಸೀಟುಗಳನ್ನು ಪಾಟಾದ ಮೇಲೆ ಸಡಿಲವಾಗಿ ಇಟ್ಟು, ಹೌಸಿಂಗನ್ನು ಅದರ ಮೇಲೆ ಕೂರಿಸಿ. ಚಾಸಿ ಓಡುವ ಎತ್ತರದಲ್ಲಿ ಗಟ್ಟಿಯಾಗಿ ನಿಂತಿರಲಿ. ಈಗ ಹೌಸಿಂಗನ್ನು ಎಡ-ಬಲ ಸರಿಸಬಹುದು, ಮೂತಿ ತಿರುಗಿಸಬಹುದು. ಮೊದಲು ಎಡ-ಬಲ, ಆಮೇಲೆ ಕೋನ. ಚೌಕ ಮಾತ್ರ ಇಲ್ಲಿ ಸರಿಹೋಗುವುದಿಲ್ಲ. ಅದು ಮುಂದಿನ ಹ್ಯಾಂಗರ್ (ಪಾಟಾದ ಮುಂದಿನ ಕಣ್ಣನ್ನು ಚಾಸಿಗೆ ಹಿಡಿಯುವ ಬ್ರ್ಯಾಕೆಟ್) ಎಲ್ಲಿದೆ, ಸೆಂಟರ್ ಬೋಲ್ಟು ಎಲ್ಲಿದೆ ಅನ್ನುವುದರಿಂದ ಬರುತ್ತದೆ. ಹ್ಯಾಂಗರ್ ಬದಲಿಸಿದ್ದರೆ ಮೊದಲೇ ಎರಡೂ ಬದಿಯ ತೂತು ಆಧಾರ ಗುರುತಿನಿಂದ ಒಂದೇ ದೂರ ಇದೆಯೇ ನೋಡಿ. ಅಳಿಯನ 9 ಮಿ.ಮೀ. ಬಂದದ್ದು ಅಲ್ಲಿಂದ. ಹೊಸ ತೂತು ಹೊಡೆಯುವುದಾದರೆ ಚಾಸಿಯ ನಿಂತ ಗೋಡೆಯಲ್ಲಿ ಹೊಡೆಯಿರಿ, ಮೇಲಿನ ಕೆಳಗಿನ ಪಟ್ಟಿಯಲ್ಲಿ ಬೇಡ.

ಎಲ್ಲ ಸರಿ ಬಂದ ಮೇಲೆ ಪ್ರತಿ ಸೀಟಿಗೆ ಮೂರು-ನಾಲ್ಕು ಸಣ್ಣ ಟ್ಯಾಕ್, ಅಂದರೆ ಚುಕ್ಕಿಯಂಥ ತಾತ್ಕಾಲಿಕ ವೆಲ್ಡು, ಹೊಡೆಯಿರಿ, ಅಷ್ಟೇ. ಚಹಾ ಕುಡಿದು ಬನ್ನಿ. ಬಂದು ಮೊದಲಿನಿಂದ ಎಲ್ಲ ಅಳತೆ ತೆಗೆಯಿರಿ. ಟ್ಯಾಕ್ ಕೂಡ ಎಳೆಯುತ್ತದೆ, ಅರ್ಧ ಡಿಗ್ರಿ ಹೋಗಿರುವುದು ನಾನೇ ನೋಡಿದ್ದೇನೆ. ಟ್ಯಾಕ್ ಕತ್ತರಿಸಲು ಎರಡು ನಿಮಿಷ ಸಾಕು, ಪೂರ್ತಿ ವೆಲ್ಡು ಕತ್ತರಿಸಲು ಅರ್ಧ ದಿನ ಬೇಕು.

ಪೂರ್ತಿ ವೆಲ್ಡ್ ಮಾಡಲು ಹೌಸಿಂಗನ್ನು ಹೊರಗೆ ತೆಗೆಯಿರಿ. ಹಾಫ್ ಶಾಫ್ಟು, ಆಯಿಲ್ ಸೀಲು, ಬೇರಿಂಗು ಬಿಚ್ಚಿ. ಒಳಗಿನ ಆಯಿಲ್ ಬಸಿದು, ಪೂರ್ತಿ ಒರೆಸಿ, ಗಾಳಿ ಹೋಗುವ ದಾರಿ ತೆರೆದಿಡಿ. ಅರ್ಥಿಂಗ್ ಕ್ಲಾಂಪನ್ನು ವೆಲ್ಡ್ ಹೊಡೆಯುವ ಪೈಪಿಗೇ ಹಚ್ಚಿ, ಕರೆಂಟು ಬೇರಿಂಗಿನ ಮೂಲಕ ಹಾಯಬಾರದು. ಗಾಡಿಯ ಮೇಲೆ ಟ್ಯಾಕ್ ಹೊಡೆಯುವಾಗ ಬ್ಯಾಟರಿ ತಂತಿ ಬಿಚ್ಚಿರಬೇಕು. ಒಮ್ಮೆಗೆ ಒಂದಿಂಚಿಗಿಂತ ಜಾಸ್ತಿ ಎಳೆಯಬೇಡಿ. ಎಡ ಸೀಟಿಗೆ ಒಂದು, ಬಲ ಸೀಟಿಗೆ ಒಂದು, ಮುಂದೆ ಒಂದು, ಹಿಂದೆ ಒಂದು, ಹೀಗೆ ತಿರುಗುತ್ತಾ ಹೋಗಿ. ಕೈ ಇಡುವಷ್ಟು ತಣ್ಣಗಾದ ಮೇಲೆ ಮುಂದಿನದು. ಅವಸರ ಮಾಡಿದರೆ ಪೈಪು ವೆಲ್ಡಿನ ಕಡೆಗೆ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ನೀರು ಸುರಿದು ತಣಿಸಬೇಡಿ.

ಹೌಸಿಂಗಿನ ನಡುವಿನ ಗುಂಡಾದ ಭಾಗ ಎರಕದ್ದಾಗಿದ್ದರೆ ಅದಕ್ಕೆ ಮಾಮೂಲಿ ರಾಡಿನಿಂದ ವೆಲ್ಡ್ ಹೊಡೆಯಬೇಡಿ. ಬೆಳಗಾವಿ ಫೌಂಡ್ರಿಗಳ ಊರು, ಎರಕದ ಕಬ್ಬಿಣ ಗೊತ್ತಿರುವ ಯಾರನ್ನು ಕೇಳಿದರೂ ಹೇಳುತ್ತಾರೆ: ಮೊದಲು ಕಾಯಿಸದೆ, ನಿಕ್ಕಲ್ ರಾಡು ಬಳಸದೆ ಹೊಡೆದರೆ ತಣ್ಣಗಾಗುವಾಗ ವೆಲ್ಡಿನ ಪಕ್ಕದಲ್ಲೇ ಬಿರುಕು ಬಿಡುತ್ತದೆ. ಸೀಟು ಉಕ್ಕಿನ ಪೈಪಿನ ಮೇಲೆಯೇ ಬರುವ ಹಾಗೆ ನೋಡಿ.

ಜೋಡಿಸುವಾಗ ಮರೆಯಬಾರದ್ದು

ಯು-ಬೋಲ್ಟು ಹೊಸದೇ ಹಾಕಿ. ಒಮ್ಮೆ ಬಿಗಿದು ಎಳೆದ ಯು-ಬೋಲ್ಟನ್ನು ಮತ್ತೆ ಹಾಕಿದರೆ ಅದು ಹಿಡಿದ ಬಿಗಿತ ನಿಲ್ಲುವುದಿಲ್ಲ. ಸೆಂಟರ್ ಬೋಲ್ಟಿನ ತಲೆ ಸೀಟಿನ ತೂತಿನೊಳಗೆ ಪೂರ್ತಿ ಕೂತಿದೆಯೇ ನೋಡಿ. ಅದು ಕೂರದೆ ಯು-ಬೋಲ್ಟು ಬಿಗಿದರೆ ಮಾಡಿದ ಅಳತೆಯೆಲ್ಲ ಹೋಯಿತು. ನಾಲ್ಕು ನಟ್ಟನ್ನೂ ಅಡ್ಡಡ್ಡ ಕ್ರಮದಲ್ಲಿ, ಟಾರ್ಕ್ ರೆಂಚಿನಿಂದ, ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಯಿರಿ. ನೂರು ಕಿಲೋಮೀಟರ್ ಒಳಗೆ ಇನ್ನೊಮ್ಮೆ ಬಿಗಿಯಬೇಕು. ಪಾಟಾ ಕಣ್ಣಿನ ರಬ್ಬರ್ ಬುಶ್ ಬೋಲ್ಟನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೆ ಪೂರ್ತಿ ಬಿಗಿಯಿರಿ. ಜೋತಾಡುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಶಾಫ್ಟಿನ ಜಾರುವ ತುಂಡು ಒಳಗೆ ತಳ ಮುಟ್ಟಬಾರದು, ಹೊರಗೆ ಬೀಳಲೂ ಬಾರದು. ಆಕ್ಸಲ್ಲನ್ನು ರಬ್ಬರ್ ತಡೆಯವರೆಗೆ ಎತ್ತಿ ನೋಡಿ, ಪೂರ್ತಿ ಇಳಿಸಿ ನೋಡಿ. ಅದು ಅತಿ ಒಳಗೆ ಹೋದಾಗಲೂ 20-25 ಮಿ.ಮೀ. ಉಳಿದಿರಲಿ. ಶಾಕ್ ಅಬ್ಸಾರ್ಬರ್ ಗಿಡ್ಡದ್ದು ಬೇಕಾಗುತ್ತದೆ. ಹಳೆಯದನ್ನೇ ಇಟ್ಟರೆ ರಬ್ಬರ್ ತಡೆ ಮುಟ್ಟುವ ಮುಂಚೆ ಅದೇ ತಳ ಮುಟ್ಟುತ್ತದೆ.

ಬ್ರೇಕಿನ ವಿಷಯದಲ್ಲಿ ಒಂದು ಎಚ್ಚರಿಕೆ, ಇದನ್ನು ದಪ್ಪ ಅಕ್ಷರದಲ್ಲಿ ಬರೆದ ಹಾಗೆ ಓದಿಕೊಳ್ಳಿ. ಅನೇಕ ಪಿಕಪ್‌ಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್ಲಿಗೂ ನಡುವೆ ಒಂದು ಸಣ್ಣ ಕಡ್ಡಿ ಇದ್ದು, ಅದು ಬ್ರೇಕಿನ ಒಂದು ವಾಲ್ವಿಗೆ ಸೇರಿರುತ್ತದೆ. ಗಾಡಿ ಭಾರಕ್ಕೆ ಕುಸಿದರೆ ಆ ವಾಲ್ವು ಹಿಂದಿನ ಚಕ್ರಕ್ಕೆ ಹೆಚ್ಚು ಒತ್ತಡ ಬಿಡುತ್ತದೆ. ನೀವು ಗಾಡಿಯನ್ನೇ ತಗ್ಗಿಸಿದರೆ ಅದಕ್ಕೆ ಗಾಡಿ ಸದಾ ತುಂಬಿದೆ ಅಂತ ಅನಿಸುತ್ತದೆ. ಖಾಲಿ ಗಾಡಿಯಲ್ಲಿ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಹಿಡಿದುಕೊಂಡು ಗಾಡಿ ತಿರುಗುತ್ತದೆ. ಹೊಸ ಎತ್ತರಕ್ಕೆ ಆ ಕಡ್ಡಿಯನ್ನು ಬ್ರೇಕ್ ಗೊತ್ತಿರುವವರಿಂದ ಹೊಂದಿಸಿಕೊಳ್ಳಲೇಬೇಕು. ಬ್ರೇಕಿನ ರಬ್ಬರ್ ಪೈಪು ಎಲ್ಲೂ ಉಜ್ಜುತ್ತಿಲ್ಲ, ಎಳೆಯುತ್ತಿಲ್ಲ ಅಂತಲೂ ನೋಡಿ.

ಪಾಟಾ ಬಿಟ್ಟು ಲಿಂಕು, ಗಾಳಿ ಚೀಲ ಹಾಕುವವರಿಗೆ

ಲಿಂಕು ಅಂದರೆ ಆಕ್ಸಲ್ಲನ್ನು ಚಾಸಿಗೆ ಸೇರಿಸುವ ಕಡ್ಡಿಗಳು, ಗಾಳಿ ಚೀಲ ಅಂದರೆ ಸ್ಪ್ರಿಂಗಿನ ಬದಲು ಭಾರ ಹೊರುವ ರಬ್ಬರ್ ಚೀಲ. ಅಳತೆಯ ಕ್ರಮ ಅದೇ, ಆದರೆ ಆಕ್ಸಲ್ ಪಕ್ಕಕ್ಕೆ ಹೋಗದಂತೆ ಹಿಡಿಯಲು ಪಾಟಾ ಇರುವುದಿಲ್ಲ. ನಾಲ್ಕು ಲಿಂಕು ಸಮಾಂತರ ಇದ್ದರೆ ಚಾಸಿಯ ಒಂದು ಬದಿಯಿಂದ ಆಕ್ಸಲ್ಲಿನ ಇನ್ನೊಂದು ಬದಿಗೆ ಅಡ್ಡ ಕಡ್ಡಿ ಹಾಕುತ್ತಾರೆ, ಪ್ಯಾನ್‌ಹಾರ್ಡ್ ರಾಡ್ ಅಂತ. ಅದು ಆದಷ್ಟು ಉದ್ದ ಇರಲಿ, ಓಡುವ ಎತ್ತರದಲ್ಲಿ ರಸಮಟ್ಟ ಇಟ್ಟರೆ ಮಟ್ಟವಾಗಿರಲಿ. 800 ಮಿ.ಮೀ. ಕಡ್ಡಿ ಮಟ್ಟವಾಗಿದ್ದರೆ, ಆಕ್ಸಲ್ 80 ಮಿ.ಮೀ. ಎದ್ದಾಗ 4 ಮಿ.ಮೀ. ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಮೊದಲೇ ಅದೇ ದಿಕ್ಕಿಗೆ 80 ಮಿ.ಮೀ. ಓರೆ ಇದ್ದರೆ, ಅಷ್ಟೇ ಏರಿಕೆಗೆ 12 ಮಿ.ಮೀ. ಸರಿಯುತ್ತದೆ. ಮೇಲಿನ ಎರಡು ಲಿಂಕು ಓರೆಯಾಗಿ ತ್ರಿಕೋನದ ಹಾಗೆ ಸೇರಿದ್ದರೆ ಈ ಕಡ್ಡಿ ಬೇಡ. ಗಾಳಿ ಚೀಲದ ಗಾಡಿ ಹತ್ತಾರು ಎತ್ತರದಲ್ಲಿ ನಿಲ್ಲಬಹುದು, ಆದರೆ ಓಡುವ ಎತ್ತರ ಒಂದನ್ನು ಗೊತ್ತು ಮಾಡಿ ಪಿನಿಯನ್ ಕೋನ ಅಲ್ಲಿಗೇ ಇಡಿ. ಪೂರ್ತಿ ಕೆಳಗೆ ಕೂರಿಸಿದಾಗ ಗಾಡಿ ಓಡಿಸಬೇಡಿ.

ಓಡಿಸಿ ನೋಡುವುದು

ಮೊದಲು ನಿಧಾನ, ಖಾಲಿ ಬಯಲಿನಲ್ಲಿ. ಒದ್ದೆ ನೆಲದ ಮೇಲೆ ಸೀದಾ ಓಡಿಸಿ ಹಿಂದೆ ಹೋಗಿ ಟೈರಿನ ಗುರುತು ನೋಡಿ. ಮುಂದಿನ ಚಕ್ರದ ಗುರುತಿನ ಮೇಲೆ ಹಿಂದಿನ ಗುರುತು ಎರಡೂ ಬದಿಯಲ್ಲಿ ಒಂದೇ ರೀತಿ ಬರಬೇಕು. ಒಂದು ಕಡೆ ಒಳಗೆ, ಇನ್ನೊಂದು ಕಡೆ ಹೊರಗೆ ಬಿದ್ದರೆ ಗಾಡಿ ಓರೆ ಓಡುತ್ತಿದೆ, ಇಲ್ಲವೇ ಆಕ್ಸಲ್ ಪಕ್ಕಕ್ಕೆ ಸರಿದಿದೆ. ನಡುಕ ಬಂದರೆ ಯಾವಾಗ ಬರುತ್ತದೆ ನೋಡಿ. ಎಕ್ಸಲರೇಟರ್ ಒತ್ತಿದಾಗ ಮಾತ್ರ ಬಂದರೆ ಮೂತಿ ಇನ್ನೂ ಮೇಲಿದೆ. ಕಾಲು ತೆಗೆದಾಗ ಮಾತ್ರ ಬಂದರೆ ಜಾಸ್ತಿ ಕೆಳಗಿದೆ. ಎರಡೂ ಹೊತ್ತಿನಲ್ಲಿ ಒಂದೇ ವೇಗಕ್ಕೆ ಬಂದರೆ ಶಾಫ್ಟಿನ ಬ್ಯಾಲೆನ್ಸು ಅಥವಾ ಟೈರು ನೋಡಿ.

ಅಳಿಯನ ಗಾಡಿ ಎರಡು ದಿನದ ಕೆಲಸ ತಗೊಂಡಿತು. ಸೀಟು ಎರಡನ್ನೂ ಗ್ರೈಂಡರಿನಿಂದ ಕತ್ತರಿಸಿ, ಬಲ ಹ್ಯಾಂಗರಿನ ತೂತನ್ನು ಪ್ಲೇಟು ಕೊಟ್ಟು ಹೊಸ ಜಾಗದಲ್ಲಿ ಹೊಡೆದೆವು. ಚಾಸಿಯನ್ನು ಓಡುವ ಎತ್ತರದಲ್ಲಿ ನಿಲ್ಲಿಸಿ ಪಿನಿಯನ್ ಕೋನ ಹಿಡಿದೆವು. ಈ ಸಲ ಟೇಪಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಎಡ-ಬಲ 1 ಮಿ.ಮೀ., ಚೌಕ 2 ಮಿ.ಮೀ. ವ್ಯತ್ಯಾಸಕ್ಕೆ ಬಂತು. ಅವರ ಹೊಲದ ಪಕ್ಕದ ಖಾಸಗಿ ರಸ್ತೆಯಲ್ಲಿ ಓಡಿಸಿ ನೋಡಿದ, ಸ್ಟೇರಿಂಗ್ ನಡುವಿಗೆ ಬಂದಿತ್ತು.